ನಂದಾದೇವಿ ಶಿಖರಗಳ ನಡುವಣ ಏಣು: ೧೯೫೧ರ ವೃತ್ತಾಂತಗಳ ವಿಮರ್ಶೆ

ಪರ್ವತಾರೋಹಣದ ಇತಿಹಾಸವು ಬಹುಮಟ್ಟಿಗೆ ಆರೋಹಿಗಳೇ ಬರೆದುಕೊಂಡ ಇತಿಹಾಸವಾಗಿದೆ. ರಾಜ್ಯಗಳ ಚರಿತ್ರೆಯನ್ನು ಬರೆಯುವವನಿಗೆ ಶಾಸನಗಳುಂಟು, ನಾಣ್ಯಗಳುಂಟು, ಕಡತಗಳುಂಟು. ಯುದ್ಧದ ಚರಿತ್ರೆಯನ್ನು ಬರೆಯುವವನಿಗೆ ಗೆದ್ದವರ ಮಾತನ್ನು ಸೋತವರ ಮಾತಿನೊಡನೆ ಹೋಲಿಸಿ ನೋಡುವ ಅವಕಾಶವುಂಟು. ಉನ್ನತ ಪರ್ವತದ ವಿಷಯದಲ್ಲಿ ಇಂಥ ಅನುಕೂಲಗಳು ವಿರಳ. ಅಲ್ಲಿಗೆ ಹೋಗಿ ಹಿಂದಿರುಗಿದವರು ಹೇಳಿದುದೇ ಆಕರ. ಅದನ್ನು ಒರೆಗೆ ಹಚ್ಚಲು ಬೇರೊಂದು ಆಕರವು ಸಾಮಾನ್ಯವಾಗಿ ದೊರೆಯುವುದಿಲ್ಲ. ಹೋದವರು ಹಿಂದಿರುಗದೆ ಇದ್ದಲ್ಲಿ ಆ ಒಂದು ಆಕರವೂ ಇಲ್ಲವಾಗುತ್ತದೆ. ಆಗ ಕೆಳಗಿನ ಶಿಬಿರದಲ್ಲಿ ಕಾದು ನಿಂತವರ ಮಾತು ಮೇಲೆ ನಡೆದುದರ ಚರಿತ್ರೆಯಾಗಿ ಪ್ರಚಾರಕ್ಕೆ ಬರುತ್ತದೆ. ಈ ಪರಿವರ್ತನೆ ಹೇಗಾಗುತ್ತದೆ, ಅದರಿಂದ ಸತ್ಯಕ್ಕೆ ಒದಗುವ ಹಾನಿಯೇನು ಎಂಬುದನ್ನು ಒಂದು ಪ್ರಸಿದ್ಧ ನಿದರ್ಶನದ ಮೂಲಕ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಆ ನಿದರ್ಶನವು ಗಢವಾಲ ಹಿಮಾಲಯದ ನಂದಾದೇವಿಗೆ ಸಂಬಂಧಿಸಿದುದು. ೧೯೫೧ರ ಜೂನ್ ೨೯ರಂದು ಫ್ರೆಂಚ್ ತಂಡವೊಂದರ ನಾಯಕರಾದ ರೋಜೆ ಡ್ಯುಪ್ಲಾ ಮತ್ತು ಅವರ ಸಂಗಡಿಗರಾದ ಜಿಲ್ಬೇರ್ ವೀನ್ಯ ಅವರು, ಪ್ರಧಾನ ಶಿಖರವನ್ನೇರಿ ಅಲ್ಲಿಂದ ಏಣಿನ ಮೇಲೆಯೇ ನಡೆದು ಪೂರ್ವ ಶಿಖರವನ್ನು ಸೇರುವ ಸಂಕಲ್ಪದಿಂದ ಮೇಲಣ ಶಿಬಿರವನ್ನು ಬಿಟ್ಟು ಹೊರಟರು. ಅವರು ಮರಳಿ ಬರಲಿಲ್ಲ. ಏಣನ್ನು ದಾಟುವಾಗ ಮಡಿದರು ಎಂದು ಈ ಘಟನೆಯನ್ನು ಒಂದೇ ವಾಕ್ಯದಲ್ಲಿ ಮುಗಿಸುವುದು ವಾಡಿಕೆ. ಈ ಲೇಖಕನೂ ತನ್ನ ತರಗತಿಯಲ್ಲಿ ಕೆಲವು ವರ್ಷ ಹಾಗೆಯೇ ಹೇಳುತ್ತ ಬಂದುದುಂಟು. ಅವರು ಏಣಿನ ಮೇಲೆ ಇದ್ದುದನ್ನು ಕಂಡವರು ಯಾರೆಂದು ವಿದ್ಯಾರ್ಥಿಯೊಬ್ಬನು ಕೇಳಿದಾಗ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆಯನ್ನು ಹಿಡಿದು ಆಕರಗಳನ್ನು ಮತ್ತೊಮ್ಮೆ ಪರಿಶೀಲಿಸಿದುದರ ಫಲವೇ ಈ ಲೇಖನ.

೧

ಮೊದಲು ಸ್ಥಳದ ಸ್ವರೂಪವನ್ನು ತಿಳಿಯುವುದು ಅಗತ್ಯ. ನಂದಾದೇವಿಗೆ ಎರಡು ಶಿಖರಗಳು. ಪ್ರಧಾನ ಶಿಖರದ ಎತ್ತರ ೭,೮೧೬ ಮೀಟರ್. ಪೂರ್ವ ಶಿಖರದ್ದು ೭,೪೩೪ ಮೀಟರ್. ಇವೆರಡನ್ನು ಎರಡು ಕಿಲೋಮೀಟರಿಗೂ ಹೆಚ್ಚು ಉದ್ದವಾದ ಏಣೊಂದು ಜೋಡಿಸುತ್ತದೆ. ಏಣೆಂದರೆ ಪರ್ವತದ ಎರಡು ಪಾರ್ಶ್ವಗಳು ಮೇಲೆ ಬಂದು ಕೂಡುವ ಬೆನ್ನು. ಇಲ್ಲಿ ಅದು ಎಲ್ಲಿಯೂ ೭,೦೦೦ ಮೀಟರಿಗಿಂತ ಕೆಳಗೆ ಇಳಿಯುವುದಿಲ್ಲ. ಅಷ್ಟು ಎತ್ತರದಲ್ಲಿ ಉಸಿರಿಗೆ ಸಿಗುವ ಆಮ್ಲಜನಕವು ಸಮುದ್ರಮಟ್ಟದಲ್ಲಿರುವುದರ ಅರ್ಧಕ್ಕಿಂತ ಕಡಮೆ. ಇಂಥ ಏಣುಗಳ ಮೇಲೆ ಗಾಳಿಯು ಹಿಮವನ್ನು ಒಂದು ಪಕ್ಕಕ್ಕೆ ತಳ್ಳಿ ಸೂರಿನಂತೆ ಹೊರಚಾಚಿ ನಿಲ್ಲಿಸುತ್ತದೆ. ಮೇಲಿನಿಂದ ನೋಡುವವನಿಗೆ ಆ ಸೂರು ಗಟ್ಟಿನೆಲದಂತೆಯೇ ತೋರುವುದು. ಅದರ ಕೆಳಗೆ ಆಧಾರವಿರುವುದಿಲ್ಲ. ಸೂರನ್ನು ತಪ್ಪಿಸಲು ಇನ್ನೊಂದು ಪಕ್ಕಕ್ಕೆ ಸರಿದರೆ ಕಡಿದಾದ ಇಳಿಜಾರು.

ಒಂದು ಶಿಖರವನ್ನೇರಿ, ಏರಿದ ದಾರಿಯಲ್ಲಿ ಇಳಿಯದೆ, ಏಣಿನ ಮೇಲೆ ಸಾಗಿ ಎರಡನೆಯ ಶಿಖರವನ್ನು ತಲುಪಿ ಅತ್ತಲಿಂದ ಇಳಿಯುವುದಕ್ಕೆ ಆರೋಹಿಗಳು ಟ್ರಾವರ್ಸ್ ಎನ್ನುತ್ತಾರೆ. ಸೂರ್ಯನು ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟುವುದನ್ನು ನಾವು ಸಂಕ್ರಮಣವೆನ್ನುವಂತೆ ಇದನ್ನು ಶಿಖರಸಂಕ್ರಮಣವೆಂದು ಕರೆಯಬಹುದು. ಸಾಮಾನ್ಯ ಆರೋಹಣಕ್ಕೂ ಇದಕ್ಕೂ ಇರುವ ಭೇದವು ಕೇವಲ ಶ್ರಮದ ಪ್ರಮಾಣದಲ್ಲಿಲ್ಲ. ಸಾಮಾನ್ಯ ಆರೋಹಣದಲ್ಲಿ ಇಳಿಯುವ ದಾರಿಯು ಏರಿದ ದಾರಿಯೇ ಆದ್ದರಿಂದ ಅದು ಪರಿಚಿತವಾದುದು. ಹಿಂದೆ ಶಿಬಿರಗಳುಂಟು, ಆಹಾರವುಂಟು, ಕಾಯುವ ಸಂಗಡಿಗರುಂಟು. ಯಾವ ಘಳಿಗೆಯಲ್ಲಿಯೂ ಹಿಂದಿರುಗುವ ಸ್ವಾತಂತ್ರ್ಯವು ಅಲ್ಲಿ ಉಳಿದಿರುತ್ತದೆ. ಸಂಕ್ರಮಣದಲ್ಲಿಯಾದರೋ ಒಂದು ಎಲ್ಲೆಯನ್ನು ದಾಟಿದ ಮೇಲೆ ಹಿಂದಿರುಗುವುದು ಮುಂದುವರಿಯುವುದಕ್ಕಿಂತ ದುಷ್ಕರವಾಗುತ್ತದೆ. ಆ ಎಲ್ಲೆ ಎಲ್ಲಿದೆಯೆಂಬುದನ್ನು ಮೊದಲ ಬಾರಿಗೆ ಹೋಗುವವನು ಮುಂಚಿತವಾಗಿ ಅರಿಯಲಾರನು.

೧೯೫೧ರ ವೇಳೆಗೆ ಈ ಎರಡು ಶಿಖರಗಳ ಪೂರ್ವೇತಿಹಾಸವು ಸಂಕ್ಷಿಪ್ತವಾದುದೇ. ಎರಿಕ್ ಶಿಪ್ಟನ್ ಮತ್ತು ಬಿಲ್ ಟಿಲ್‌ಮನ್ ಅವರು ಮೂವರು ಶೇರ್ಪಾಗಳೊಡನೆ ೧೯೩೪ರಲ್ಲಿ ಋಷಿಗಂಗೆಯ ಕಮರಿಯ ಮೂಲಕ ನಂದಾದೇವಿಯ ಒಳ ಆವರಣವನ್ನು ಪ್ರವೇಶಿಸಿದರು. ೧೯೩೬ರ ಆಗಸ್ಟ್ ೨೯ರಂದು ಟಿಲ್‌ಮನ್ ಮತ್ತು ನೋಯೆಲ್ ಓಡೆಲ್ ಅವರು ಪ್ರಧಾನ ಶಿಖರವನ್ನೇರಿದರು. ೧೯೩೯ರ ಜುಲೈ ೨ರಂದು ಪೋಲೆಂಡಿನ ಯಾಕೂಬ್ ಬುಯಾಕ್ ಮತ್ತು ಯಾನುಷ್ ಕ್ಲಾರ್ನೆರ್ ಅವರು ದಕ್ಷಿಣದ ಏಣಿನಿಂದ ಪೂರ್ವ ಶಿಖರವನ್ನೇರಿದರು. ಹೀಗೆ ಡ್ಯುಪ್ಲಾ ಅವರು ಸಂಕ್ರಮಣವನ್ನು ಸಂಕಲ್ಪಿಸಿದಾಗ ಪ್ರತಿಯೊಂದು ಶಿಖರವನ್ನೂ ಮನುಷ್ಯರು ಒಂದೊಂದೇ ಸಲ ಏರಿದ್ದರು. ನಡುವಣ ಏಣನ್ನು ಯಾರೂ ತುಳಿದಿರಲಿಲ್ಲ.

೨

ಯೋಜನೆಯು ಹೀಗಿತ್ತು. ನಾಯಕ ಡ್ಯುಪ್ಲಾ ಮತ್ತು ವೀನ್ಯ ಅವರು ಪ್ರಧಾನ ಶಿಖರದಿಂದ ಪೂರ್ವಕ್ಕೆ ಸಾಗುವುದು. ಇನ್ನೊಂದು ಗುಂಪು ಪೂರ್ವ ಶಿಖರದ ಕಡೆ ಅವರಿಗೆ ನೆರವಾಗಿ ನಿಲ್ಲುವುದು. ಈ ಎರಡನೆಯ ಗುಂಪಿನಲ್ಲಿ ಲೂಯಿ ಡ್ಯುಬೋ ಅವರೂ ಶೇರ್ಪಾಗಳ ನಾಯಕರಾದ ತೇನ್‌ಸಿಂಗ್ ನೋರ್ಗೆ ಅವರೂ ಇದ್ದರು. ಜೂನ್ ೨೯ರಂದು ಕೆಳಗಿನ ಸಂಗಡಿಗರು ಡ್ಯುಪ್ಲಾ ಮತ್ತು ವೀನ್ಯ ಅವರನ್ನು ಪ್ರಧಾನ ಶಿಖರದ ಕೆಳಗಣ ಇಳಿಜಾರಿನಲ್ಲಿ ಕಂಡರು. ಆಮೇಲೆ ಮೋಡ ಕವಿಯಿತು. ಅದೇ ಕೊನೆಯ ದರ್ಶನ. ಜುಲೈ ೬ರಂದು ಡ್ಯುಬೋ ಮತ್ತು ತೇನ್‌ಸಿಂಗ್ ಅವರು ಪೂರ್ವ ಶಿಖರವನ್ನೇರಿ ಏಣಿನತ್ತ ನೋಡಿದರು. ಯಾವ ಕುರುಹೂ ಕಾಣಲಿಲ್ಲ. ದೇಹಗಳು ದೊರೆಯಲಿಲ್ಲ.

ನಮಗೆ ಖಚಿತವಾಗಿ ತಿಳಿದಿರುವ ಮುಖ್ಯ ಸಂಗತಿಗಳು ಇಷ್ಟೇ. ಉಳಿದುದು ಊಹೆ. ಆ ಊಹೆಯು ಚರಿತ್ರೆಯ ರೂಪವನ್ನು ತಾಳಿದುದು ಮುಖ್ಯವಾಗಿ ಎರಡು ಗ್ರಂಥಗಳ ಮೂಲಕವಾದ್ದರಿಂದ ಅವುಗಳ ಸ್ವಭಾವವನ್ನು ವಿಚಾರಿಸಬೇಕಾಗಿದೆ.

೩

ಮೊದಲನೆಯದು ತಂಡದ ಸದಸ್ಯರೂ ಚಲನಚಿತ್ರಕಾರರೂ ಆಗಿದ್ದ ಜಾನ್-ಜಾಕ್ ಲಾಂಗೆಪ್ಯಾ ಅವರ ಗ್ರಂಥ. ೧೯೫೨ರಲ್ಲಿ ಫ್ರೆಂಚ್ ಭಾಷೆಯಲ್ಲಿ ಪ್ರಕಟವಾದಾಗ ಅದರ ಹೆಸರು ನಂದಾದೇವಿ ಎಂದಷ್ಟೇ ಇದ್ದು, ಹಿಮಾಲಯಕ್ಕೆ ಹೋದ ಮೂರನೆಯ ಫ್ರೆಂಚ್ ತಂಡ ಎಂಬ ಉಪಶೀರ್ಷಿಕೆಯನ್ನು ಹೊಂದಿತ್ತು. ೧೯೫೬ರಲ್ಲಿ ಇಂಗ್ಲಿಷಿಗೆ ಬಂದಾಗ ಅದೇ ಗ್ರಂಥವು 'ಟು ಕಿಸ್ ಹೈ ಹೆವನ್' ಎಂಬ ಹೆಸರನ್ನು ಪಡೆಯಿತು. ಈ ಮಾತು ಷೆಲ್ಲಿಯ ಪ್ರೇಮಕವನವೊಂದರಿಂದ ತೆಗೆದುಕೊಂಡುದು. ಪರ್ವತಗಳು ಸ್ವರ್ಗವನ್ನು ಚುಂಬಿಸುವ ಕಲ್ಪನೆ ಅಲ್ಲಿಯದು.

ಎರಡು ಶೀರ್ಷಿಕೆಗಳೂ ವಿಚಾರಾರ್ಹವಾಗಿವೆ. ಫ್ರೆಂಚ್ ಉಪಶೀರ್ಷಿಕೆಯು ಇಬ್ಬರ ಸಾವನ್ನು ಒಂದು ರಾಷ್ಟ್ರೀಯ ಸರಣಿಯಲ್ಲಿ ಮೂರನೆಯ ಸ್ಥಾನದಲ್ಲಿರಿಸುತ್ತದೆ. ಆ ಸರಣಿಯಲ್ಲಿ ಅದಕ್ಕೆ ನಿಕಟಪೂರ್ವವಾದುದು ೧೯೫೦ರ ಜೂನ್ ೩ರ ಅನ್ನಪೂರ್ಣಾ ವಿಜಯ. ಮೋರಿಸ್ ಎರ್ಝೋಗ್ ಮತ್ತು ಲೂಯಿ ಲಾಶೆನಾಲ್ ಅವರು ಅಂದು ಎಂಟು ಸಾವಿರ ಮೀಟರಿಗೂ ಮಿಗಿಲಾದ ಶಿಖರವೊಂದನ್ನು ಮೊತ್ತಮೊದಲಿಗೆ ಏರಿದ್ದರು. ಹೀಗಿರುವಲ್ಲಿ ಮುಂದಿನ ವರ್ಷ ಹೊರಟ ತಂಡಕ್ಕೆ ಹದಿನೈದು ವರ್ಷಗಳ ಹಿಂದೆ ಇತರರು ಏರಿದ್ದ ಶಿಖರವನ್ನು ಮತ್ತೊಮ್ಮೆ ಏರುವುದು ಸಾಲದೆ ಹೋದುದು ಆಶ್ಚರ್ಯವಲ್ಲ. ಇಂಗ್ಲಿಷ್ ಶೀರ್ಷಿಕೆಯು ಅದೇ ಸಾವನ್ನು ರಾಷ್ಟ್ರದಿಂದ ಬಿಡಿಸಿ ಕಾವ್ಯಕ್ಕೆ ಒಪ್ಪಿಸುತ್ತದೆ. ನಮ್ಮ ವೀರಗಲ್ಲುಗಳನ್ನು ಬಲ್ಲವರಿಗೆ ಈ ಕ್ರಮವು ಅಪರಿಚಿತವಲ್ಲ. ಅವುಗಳಲ್ಲಿ ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ. ವೀರಗಲ್ಲನ್ನು ನಿಲ್ಲಿಸುವವರು ಬದುಕಿ ಉಳಿದವರು. ಅವರಿಗೆ ಮೇಲಿನ ಪಟ್ಟಿಕೆಯೇ ಸಮಾಧಾನಕರ. ಇತಿಹಾಸಕಾರನಿಗಾದರೋ ಕೆಳಗಿನ ಪಟ್ಟಿಕೆ ಮುಖ್ಯ. ನಂದಾದೇವಿಯ ವೃತ್ತಾಂತದಲ್ಲಿ ಆ ಕೆಳಗಿನ ಪಟ್ಟಿಕೆಯೇ ಬರಿದಾಗಿದೆ. ಅದನ್ನು ಮೇಲಿನದರಿಂದ ತುಂಬಲಾಗದು.

ಇಷ್ಟರಿಂದ ಲಾಂಗೆಪ್ಯಾ ಅವರ ಗ್ರಂಥವನ್ನು ಅಪ್ರಾಮಾಣಿಕವೆಂದು ತಳ್ಳಿಹಾಕಿದಂತಾಗಲಿಲ್ಲ. ಸಂಗಡಿಗರನ್ನು ಕಳೆದುಕೊಂಡವರೊಬ್ಬರು ಆ ಶೋಕದ ಮರುವರ್ಷವೇ ಪ್ರಕಟಿಸಿದ ಗ್ರಂಥವದು. ತಂಡದ ಸಿದ್ಧತೆ, ಪ್ರಯಾಣ, ಕಾಯುವಿಕೆ, ಹುಡುಕಾಟ ಇವುಗಳಿಗೆ ಅದು ಪ್ರಥಮ ಶ್ರೇಣಿಯ ಆಕರ. ಏಣಿನ ಮೇಲೆ ನಡೆದುದಕ್ಕೆ ಅದು ಆಕರವೇ ಅಲ್ಲ. ಒಂದೇ ಗ್ರಂಥವು ಒಂದು ಸಂಗತಿಗೆ ಆಕರವಾಗಿದ್ದು ಇನ್ನೊಂದಕ್ಕೆ ಆಗದೆ ಇರಬಹುದೆಂಬ ಈ ವಿವೇಚನೆಯನ್ನು ಸಂಗ್ರಹಗ್ರಂಥಗಳನ್ನು ರಚಿಸುವವರು ಮರೆಯುತ್ತಾರೆ.

ಎರಡನೆಯ ಆಕರ ತೇನ್‌ಸಿಂಗ್ ಅವರ ಆತ್ಮಕಥೆ. ೧೯೫೫ರಲ್ಲಿ ಇಂಗ್ಲೆಂಡಿನಲ್ಲಿ 'ಮ್ಯಾನ್ ಆಫ್ ಎವರೆಸ್ಟ್' ಎಂದೂ ಅಮೆರಿಕದಲ್ಲಿ 'ಟೈಗರ್ ಆಫ್ ದಿ ಸ್ನೋಸ್' ಎಂದೂ ಇದು ಪ್ರಕಟವಾಯಿತು. ತೇನ್‌ಸಿಂಗ್ ಅವರು ಓದುಬರಹ ಕಲಿತವರಲ್ಲ. ಹಲವು ಭಾಷೆಗಳನ್ನು ಆಡಬಲ್ಲವರಾಗಿದ್ದರು. ಅವರು ಹೇಳಿದುದನ್ನು ಅಮೆರಿಕದ ಕಾದಂಬರಿಕಾರ ಜೇಮ್ಸ್ ರ‍್ಯಾಮ್ಸೆ ಉಲ್‌ಮನ್ ಅವರು ಇಂಗ್ಲಿಷಿನಲ್ಲಿ ಬರೆದರು. ಮಾತಿಗೂ ಬರಹಕ್ಕೂ ನಡುವೆ ದುಭಾಷಿಯೊಬ್ಬರಿದ್ದರು. ಆದ್ದರಿಂದ ಈ ಗ್ರಂಥದಲ್ಲಿ ಯಾವ ನುಡಿಯು ತೇನ್‌ಸಿಂಗ್ ಅವರದು, ಯಾವ ಅಲಂಕಾರವು ಉಲ್‌ಮನ್ ಅವರದು ಎಂದು ಬೇರ್ಪಡಿಸುವುದು ಸುಲಭಸಾಧ್ಯವಲ್ಲ.

ತಾವು ಮಾಡಿದ ಆರೋಹಣಗಳಲ್ಲೆಲ್ಲ ಎವರೆಸ್ಟಿಗಿಂತಲೂ ನಂದಾದೇವಿಯ ಪೂರ್ವ ಶಿಖರವೇ ಕಠಿಣವಾದುದೆಂದು ತೇನ್‌ಸಿಂಗ್ ಅವರು ಅಭಿಪ್ರಾಯಪಟ್ಟಿದ್ದರು. ಇದು ಪ್ರಸಿದ್ಧವಾದ ಮಾತು, ತೂಕವುಳ್ಳ ಮಾತು. ಆದರೆ ಅದು ಯಾವುದಕ್ಕೆ ಸಾಕ್ಷಿ? ಪೂರ್ವ ಶಿಖರದ ದಕ್ಷಿಣ ಏಣಿಗೆ ಸಾಕ್ಷಿ. ತೇನ್‌ಸಿಂಗ್ ಅವರು ಏರಿದುದು ಅದನ್ನು. ಎರಡು ಶಿಖರಗಳ ನಡುವಣ ಏಣನ್ನು ಅವರು ಕಣ್ಣಿನಿಂದ ಅಳೆದರೇ ಹೊರತು ಕಾಲಿನಿಂದಲ್ಲ. ಆದಕಾರಣ ಆ ಮಾತನ್ನು ಸಂಕ್ರಮಣದ ಕಾಠಿಣ್ಯಕ್ಕೆ ಪ್ರಮಾಣವಾಗಿ ಉದ್ಧರಿಸುವುದು ಸಲ್ಲದು. ಇನ್ನೂ ಒಂದು ಎಚ್ಚರಿಕೆ ಅಗತ್ಯ. ಈ ಗ್ರಂಥವು ೧೯೫೩ರ ಎವರೆಸ್ಟ್ ವಿಜಯದ ಅನಂತರದ್ದು. ಅದನ್ನು ಓದುವವನು ೧೯೫೧ರ ತೇನ್‌ಸಿಂಗ್ ಅವರಲ್ಲಿ ೧೯೫೩ರ ವೀರನನ್ನೇ ಕಾಣುತ್ತಾನೆ. ವಸ್ತುತಃ ಅಂದು ಅವರು ಸಂಬಳಕ್ಕೆ ಗೊತ್ತಾದ ಶೇರ್ಪಾ ನಾಯಕರು. ನಾಯಕನನ್ನು ಕಳೆದುಕೊಂಡ ತಂಡದಲ್ಲಿ, ತಮ್ಮ ಕರಾರಿಗೆ ಮೀರಿದ ಅಪಾಯವನ್ನು ತಲೆಯ ಮೇಲೆ ಹೊತ್ತು, ಡ್ಯುಬೋ ಅವರೊಡನೆ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ಏರಿದರು. ಎವರೆಸ್ಟಿನ ಕೀರ್ತಿಯನ್ನು ಹಿಂದಕ್ಕೆ ಚಾಚಿದರೆ ಈ ಕೃತ್ಯದ ನಿಜವಾದ ಬೆಲೆಯು ಮರೆಯಾಗುತ್ತದೆ.

೪

ಇನ್ನು ವಾಡಿಕೆಯ ಹೇಳಿಕೆಗಳ ಪರೀಕ್ಷೆ. ಇಬ್ಬರೂ ಪ್ರಧಾನ ಶಿಖರವನ್ನು ತಲುಪಿದರು ಎಂಬುದು ಒಂದು. ಏಣಿನ ಮೇಲೆ ಮಡಿದರು ಎಂಬುದು ಇನ್ನೊಂದು. ಎರಡನೆಯದು ನಿಜವಾಗಬೇಕಾದರೆ ಮೊದಲನೆಯದು ನಿಜವಾಗಿರಲೇಬೇಕು. ಏಕೆಂದರೆ ಅವರು ಹಿಡಿದ ದಾರಿಯಲ್ಲಿ ಏಣು ಮೊದಲಾಗುವುದು ಶಿಖರದಿಂದ. ಆದರೆ ಅಧಿಕೃತ ಪಟ್ಟಿಗಳು ಏನು ಹೇಳುತ್ತವೆ? ೧೯೬೪ರಲ್ಲಿ ನರಿಂದರ್ ಕುಮಾರ್ ಅವರ ನಾಯಕತ್ವದ ಭಾರತೀಯ ತಂಡದ ನವಾಂಗ್ ಗೊಂಬು ಮತ್ತು ದಾವಾ ನೊರ್ಬು ಅವರು ಪ್ರಧಾನ ಶಿಖರವನ್ನೇರಿದುದನ್ನು ಅವು ಎರಡನೆಯ ಆರೋಹಣವೆಂದು ಗಣಿಸುತ್ತವೆ. ಅಂದರೆ ೧೯೫೧ರಲ್ಲಿ ಶಿಖರವನ್ನು ಮುಟ್ಟಿದುದು ಸಿದ್ಧವಾಗಿಲ್ಲವೆಂಬುದು ಪಟ್ಟಿಯ ನಿರ್ಣಯ. ಈ ಪಟ್ಟಿಯನ್ನು ಒಪ್ಪುವವನು ಏಣಿನ ಮೇಲಿನ ಮರಣವನ್ನು ನಿಶ್ಚಿತವೆಂದು ಹೇಳಿದರೆ ತನ್ನ ಮಾತಿಗೆ ತಾನೇ ವಿರುದ್ಧನಾಗುತ್ತಾನೆ. ಪಟ್ಟಿಯು ತೋರುವ ಸಂಯಮವನ್ನು ಗದ್ಯವೂ ತೋರಬೇಕಾಗಿದೆ.

ಕೊನೆಯ ದರ್ಶನದ ಸ್ಥಳವನ್ನು ಲಕ್ಷ್ಯದಲ್ಲಿಟ್ಟುಕೊಂಡರೆ ಮೂರು ಸಾಧ್ಯತೆಗಳು ಉಳಿಯುತ್ತವೆ. ಶಿಖರವನ್ನು ಮುಟ್ಟುವ ಮೊದಲೇ ಅವರು ಜಾರಿರಬಹುದು. ಶಿಖರದಿಂದಲೋ ಅದರ ಸಮೀಪದಿಂದಲೋ ಹಿಂದಿರುಗಲು ಯತ್ನಿಸಿ ಮೋಡದಲ್ಲಿ ದಾರಿ ತಪ್ಪಿರಬಹುದು. ಏಣಿನ ಮೇಲೆ ಹಿಮದ ಸೂರು ಕುಸಿದು ಬಿದ್ದಿರಬಹುದು. ನುರಿತ ಆರೋಹಿಗಳಾದ ಅವರು ಅಷ್ಟು ಸಮೀಪ ಬಂದ ಮೇಲೆ ಶಿಖರವನ್ನು ತಲುಪದೆ ಇದ್ದಾರೆಯೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ, ಮೂರನೆಯದೇ ಹೆಚ್ಚು ಸಂಭಾವ್ಯವೆಂದು ಒಪ್ಪಲೂಬಹುದು. ಆದರೆ ಸಂಭವ ಬೇರೆ, ಸಿದ್ಧಿ ಬೇರೆ. ಎರಡನೆಯ ಸಾಧ್ಯತೆಯನ್ನು ಮರೆತರೆ ಮೃತರಿಗೂ ಅನ್ಯಾಯವಾಗುತ್ತದೆ. ಕೊನೆಯ ಘಳಿಗೆಯಲ್ಲಿ ವಿವೇಕವನ್ನು ತಾಳಿ ಹಿಂದಿರುಗಲು ಹೊರಟಿರಬಹುದಾದ ಇಬ್ಬರನ್ನು, ಎಂದೆಂದಿಗೂ ಮುನ್ನುಗ್ಗುವವರನ್ನಾಗಿಯೇ ಚಿತ್ರಿಸುವ ಅಧಿಕಾರವು ನಮಗಿಲ್ಲ.

ಇನ್ನು ಪೂರ್ವ ಶಿಖರದ ವಿಷಯ. ಜುಲೈ ೬ರ ಆರೋಹಣವನ್ನು ಪಟ್ಟಿಗಳು ಆ ಶಿಖರದ ಎರಡನೆಯ ಆರೋಹಣವೆಂದು ನಮೂದಿಸುತ್ತವೆ. ಲೆಕ್ಕಕ್ಕೆ ಇದು ಸರಿಯೇ. ಆದರೆ ಡ್ಯುಬೋ ಮತ್ತು ತೇನ್‌ಸಿಂಗ್ ಅವರು ಏರಿದುದು ಹುಡುಕುವುದಕ್ಕಾಗಿ. ಸಂಕ್ರಮಣದಲ್ಲಿ ಒಂದು ತಂಡದ ಸೋಲು, ಪೂರ್ವ ಶಿಖರದಲ್ಲಿ ಅದೇ ತಂಡದ ಗೆಲುವು ಎಂದು ಒಂದು ದುಃಖವನ್ನು ಎರಡು ಅಂಕಣಗಳಲ್ಲಿ ಹಂಚಿಡುವ ಪದ್ಧತಿಯು ಘಟನೆಯ ಅರ್ಥವನ್ನು ಒಡೆಯುತ್ತದೆ.

೫

ಕಡೆಗೆ ಹೊಣೆಯ ಪ್ರಶ್ನೆ. ಡ್ಯುಪ್ಲಾ ಅವರದು ದುಡುಕೇ ಅಥವಾ ದೂರದೃಷ್ಟಿಯೇ? ೧೯೭೫ರಲ್ಲಿ ಭಾರತ-ಫ್ರೆಂಚ್ ತಂಡವೊಂದು ಎರಡು ಶಿಖರಗಳನ್ನೂ ಏರಿತು; ಸಂಕ್ರಮಣವು ಕೈಗೂಡಲಿಲ್ಲ. ೧೯೭೬ರ ಜೂನ್‌ನಲ್ಲಿ ಭಾರತ-ಜಪಾನ್ ತಂಡದ ಯೋಶಿನೋರಿ ಹಾಸೆಗಾವಾ ಮತ್ತು ಕಾಜುಶಿಗೆ ತಾಕಾಮಿ ಅವರು ಅದನ್ನು ಸಾಧಿಸಿದರು. ಇದರಿಂದ ಡ್ಯುಪ್ಲಾ ಅವರ ಕಲ್ಪನೆಯು ಸಮರ್ಥಿತವಾಯಿತೆಂದು ವಾದಿಸಬಹುದು. ಏಣು ದುರ್ಗಮವಲ್ಲವೆಂಬುದು ಸಿದ್ಧವಾಯಿತು, ನಿಜ. ಆದರೆ ಇಬ್ಬರು ಜಪಾನೀಯರು ಸಾಗಿದುದು ವಿರುದ್ಧ ದಿಕ್ಕಿನಲ್ಲಿ, ಪೂರ್ವ ಶಿಖರದಿಂದ ಪ್ರಧಾನ ಶಿಖರಕ್ಕೆ. ಈ ಭೇದವು ಅಲ್ಪವಾದುದಲ್ಲ. ಡ್ಯುಪ್ಲಾ ಅವರ ಕ್ರಮದಲ್ಲಿ ಅತ್ಯುನ್ನತ ಸ್ಥಾನವು ಮೊದಲು ಬರುತ್ತದೆ, ಆಮೇಲೆ ಏಣು, ಬಳಲಿ ಏಣನ್ನು ದಾಟಿದ ಮೇಲೆ ತೇನ್‌ಸಿಂಗ್ ಅವರೇ ಕಠಿಣತಮವೆಂದ ಪೂರ್ವದ ಇಳಿತ. ೧೯೭೬ರ ಕ್ರಮದಲ್ಲಿ ಕಠಿಣವಾದ ಪೂರ್ವ ಭಾಗವು ಮೊದಲೇ ಮುಗಿದು, ೧೯೩೬ರಿಂದ ತಿಳಿದಿದ್ದ ದಾರಿಯು ಇಳಿಯಲು ಉಳಿಯುತ್ತದೆ. ಆದ್ದರಿಂದ ೧೯೭೬ರ ಯಶಸ್ಸು ೧೯೫೧ರ ಧ್ಯೇಯವನ್ನು ಸಮರ್ಥಿಸುತ್ತದೆ, ಅದರ ಕ್ರಮವನ್ನಲ್ಲ.

ಮುಂಗಾರು ಕಾಲಿಡುವ ಜೂನ್ ಅಂತ್ಯದಲ್ಲಿ ಹೊರಟುದೇ ತಪ್ಪೆಂದು ಹೇಳುವುದೂ ಸರಳವಾದ ತೀರ್ಪು. ಟಿಲ್‌ಮನ್ ಮತ್ತು ಓಡೆಲ್ ಅವರು ಶಿಖರವನ್ನೇರಿದುದು ಮಳೆಗಾಲದ ನಡುವೆ, ಆಗಸ್ಟಿನ ಕೊನೆಯಲ್ಲಿ. ಈ ಲೇಖಕನಿಗೆ ತೋರುವಂತೆ ಯೋಜನೆಯ ಮುಖ್ಯ ದೌರ್ಬಲ್ಯ ಬೇರೆಡೆ ಇದೆ. ಸಂಕ್ರಮಣಕ್ಕೆ ಹೊರಟ ಇಬ್ಬರಲ್ಲಿ ಒಬ್ಬರು ನಾಯಕರೇ ಆಗಿದ್ದರು. ಹೋಗುವವನು ಉತ್ಸಾಹದಿಂದ ನೋಡುತ್ತಾನೆ. ತಡೆಯುವವನು ಕೆಳಗೆ ನಿಂತು ನೋಡಬೇಕು. ಸಾಕು, ಹಿಂದಿರುಗಿರಿ ಎಂದು ಹೇಳುವ ಅಧಿಕಾರವುಳ್ಳ ಒಬ್ಬನು ಕೆಳಗೆ ಉಳಿಯದೆ ಹೋದುದು ಆ ತಂಡದ ವ್ಯವಸ್ಥೆಯ ನ್ಯೂನತೆ. ಪೂರ್ವ ಶಿಖರದ ಕಡೆ ನಿಂತವರು ಏಣನ್ನು ದಾಟಿ ಬಂದವರಿಗೆ ಮಾತ್ರ ನೆರವಾಗಬಲ್ಲವರಾಗಿದ್ದರು. ಏಣಿನ ಮೇಲಿರುವವರಿಗೆ ಎರಡು ಕಡೆಯವರೂ ದೂರ. ಇದನ್ನು ಪ್ರೇಮವೆಂದೋ ವಿಧಿಯೆಂದೋ ದೇವಿಯ ಕೋಪವೆಂದೋ ಕರೆದರೆ, ಮನುಷ್ಯರು ತೆಗೆದುಕೊಂಡ ಒಂದು ನಿರ್ಧಾರವು ವಿಚಾರಣೆಯಿಂದ ತಪ್ಪಿಸಿಕೊಳ್ಳುತ್ತದೆ.

ಅಧಿಕೃತ ವೃತ್ತಾಂತವು ಎಷ್ಟು ಕಾಲ ಪ್ರಶ್ನಾತೀತವಾಗಿ ನಿಲ್ಲಬಲ್ಲದೆಂಬುದಕ್ಕೆ ಅನ್ನಪೂರ್ಣೆಯೇ ನಿದರ್ಶನ. ಆ ತಂಡದ ಸದಸ್ಯರು ಐದು ವರ್ಷ ಏನನ್ನೂ ಪ್ರಕಟಿಸಬಾರದೆಂಬ ಕಟ್ಟಿಗೆ ಒಳಗಾಗಿದ್ದರು. ಲಾಶೆನಾಲ್ ಅವರ ದಿನಚರಿಯು ಅವರ ಮರಣಾನಂತರ ೧೯೫೬ರಲ್ಲಿ ಕತ್ತರಿಸಿದ ರೂಪದಲ್ಲಿ ಪ್ರಕಟವಾಯಿತು. ಪೂರ್ಣಪಾಠ ಬೆಳಕು ಕಂಡುದು ೧೯೯೬ರಲ್ಲಿ. ವಿಜಯದ ಚಿತ್ರಕ್ಕೆ ಬೇರೊಂದು ಮುಖವಿತ್ತೆಂದು ಓದುಗರು ಆಗ ಅರಿತರು. ಅಲ್ಲಿಯಾದರೂ ಶಿಖರದಿಂದ ಮರಳಿದ ಇಬ್ಬರಿದ್ದರು. ಒಬ್ಬನ ಮಾತನ್ನು ಇನ್ನೊಬ್ಬನ ಮಾತಿನಿಂದ ತೂಗಲು ಕೊನೆಗಾದರೂ ಸಾಧ್ಯವಾಯಿತು. ನಂದಾದೇವಿಯಲ್ಲಿ ಅಂಥ ದಿನಚರಿಯಿಲ್ಲ. ೧೯೮೩ರಲ್ಲಿ ಒಳ ಆವರಣವನ್ನು ಸಾಮಾನ್ಯ ಆರೋಹಿಗಳಿಗೆ ಮುಚ್ಚಿದುದರಿಂದ ಹೊಸ ಕುರುಹುಗಳು ದೊರೆಯುವ ಸಂಭವವೂ ಕುಗ್ಗಿತು.

ಆದುದರಿಂದ ೧೯೫೧ರ ಘಟನೆಯನ್ನು ಕುರಿತು ಇತಿಹಾಸಕಾರನು ಬರೆಯಬಹುದಾದ ವಾಕ್ಯವು ಚಿಕ್ಕದು: ಡ್ಯುಪ್ಲಾ ಮತ್ತು ವೀನ್ಯ ಅವರು ಶಿಖರಸಂಕ್ರಮಣವನ್ನು ಸಂಕಲ್ಪಿಸಿ ಹೊರಟರು, ಪ್ರಧಾನ ಶಿಖರದ ಕೆಳಗೆ ಕೊನೆಯ ಬಾರಿ ಕಾಣಿಸಿಕೊಂಡರು, ಹಿಂದಿರುಗಲಿಲ್ಲ. ಈ ವಾಕ್ಯದಲ್ಲಿ ರೋಮಾಂಚವಿಲ್ಲ. ಆದರೆ ಇದರಲ್ಲಿ ಆ ಇಬ್ಬರ ಬಾಯಿಗೆ ನಮ್ಮ ಮಾತನ್ನು ತುರುಕಿಲ್ಲ. ತರಗತಿಯಲ್ಲಿ ಇನ್ನು ಮುಂದೆ ಹೇಳಬೇಕಾದುದು ಇಷ್ಟೇ ಎಂದು ಈ ಲೇಖಕನು ನಿಶ್ಚಯಿಸಿರುತ್ತಾನೆ.